ಹಳೆಯ ಕೇಬಲ್ಲು

“ಹಳೇ ಕೇಬಲ್ಲನ್ನ ಎಸೀಬೇಡಿ. ನಾನು ನೋಡ್ಬೇಕು.”

ಹೆಂಡತಿ ಮೆಟ್ಟಿಲ ಮೇಲಿಂದ ಹೇಳಿದಳು. ಹತ್ತೊಂಬತ್ತು ದಿನಗಳಲ್ಲಿ ಅವಳು ಅವನ ಜೊತೆ ಆಡಿದ ಅತಿ ಉದ್ದದ ಮಾತು ಅದೇ. ಅವನು ತಲೆಯಾಡಿಸಿದ. ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಕಾರಿನ ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಸಾಮಾನಿನ ಚೀಲವನ್ನು ಜೊತೆಗೆಳೆದುಕೊಂಡು ಅದರಡಿ ತೂರಿದ.

ಐದು ಗಂಟೆಗೆ ಅವಳ ಅಣ್ಣ ಬರುವವನಿದ್ದ, ಅವಳನ್ನು ಕರೆದುಕೊಂಡು ಹೋಗಲು. ಎರಡು ಸೂಟ್‌ಕೇಸು ಆಗಲೇ ಬಾಗಿಲಲ್ಲಿದ್ದವು. ಕಾರೂ ಅವಳ ಜೊತೆಗೇ ಹೋಗುತ್ತಿತ್ತು, ಪಾಠ ಮಾಡುವ ಶಾಲೆಗೆ ಹೋಗಿಬರಲು ಬೇಕಲ್ಲ. ಆದರೆ ಹ್ಯಾಂಡ್‌ಬ್ರೇಕನ್ನು ಅವನೇ ರಿಪೇರಿ ಮಾಡಬೇಕು, ಇಲ್ಲೇ, ತನ್ನ ಕಣ್ಣೆದುರೇ ಮಾಡಬೇಕು ಎಂದು ಅಣ್ಣನ ಮೂಲಕ ಹೇಳಿ ಕಳಿಸಿದ್ದಳು. ತಪ್ಪು ಮಾಡಿದ ಕೈಯೇ ಸರಿಪಡಿಸಲಿ ಎನ್ನುವುದು ಅವಳ ಲೆಕ್ಕ.

ಟ್ಯಾಕ್ಸಿ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಬ್ರೇಕಿನ ಕೆಲಸವನ್ನಷ್ಟೇ ಮಾಡಿದವನು ಅವನು. ಅಲ್ಲಿ ಅವನ ಹೆಸರೇ ಬ್ರೇಕ್ ಮೇಷ್ಟ್ರು. ಕಾರನ್ನು ಗೇರಿನಲ್ಲಿಟ್ಟು ನಿಲ್ಲಿಸುವ ಡ್ರೈವರುಗಳನ್ನು ಕಂಡರೆ ಅವನಿಗಾಗದು; ಅದು ಬ್ರೇಕಿಗೆ ಮಾಡುವ ಅವಮಾನ ಎನ್ನುತ್ತಿದ್ದ. ಮನೆಯಲ್ಲೂ ಅದೇ ಕಾಯಿದೆ. ಹೆಂಡತಿಗೂ ಮಗಳಿಗೂ ಅವನೇ ಕಲಿಸಿದ್ದು: ನ್ಯೂಟ್ರಲ್ ಮಾಡು, ಹ್ಯಾಂಡ್‌ಬ್ರೇಕ್ ಎಳಿ, ಇಳಿ.

ಹತ್ತೊಂಬತ್ತು ದಿನದ ಹಿಂದೆ ಹೆಂಡತಿ ಶಾಲೆಯಿಂದ ಬಂದು, ಅಂಗಳದ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಒಳಗೆ ಹೋದಳು. ಮಗಳು ಕೆಳಗೆ ಗೇಟು ಹಾಕುತ್ತಿದ್ದಳು, ಬೆನ್ನು ತಿರುಗಿಸಿ. ಕಾರು ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಜನ ಸೇರುವಷ್ಟರಲ್ಲಿ ಅವನೊಬ್ಬನೇ ಕಾರನ್ನು ಮೊಳದಷ್ಟು ಮೇಲಕ್ಕೆ ದೂಡಿ ನಿಲ್ಲಿಸಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಪ್ರಯೋಜನವಿರಲಿಲ್ಲ. ಇಪ್ಪತ್ತು ತುಂಬಿರಲಿಲ್ಲ ಅವಳಿಗೆ. ಪೊಲೀಸರು ಕಾರಿನೊಳಗೆ ಇಣುಕಿ, ಹ್ಯಾಂಡ್‌ಬ್ರೇಕು ಮೇಲೆಯೇ ಇದೆ ಎಂದು ಬರೆದುಕೊಂಡು ಹೋದರು.

ಮೊದಲೆರಡು ದಿನ ಹೆಂಡತಿ ಅಳಲಿಲ್ಲ. ಹನಿ ನೀರು ಮುಟ್ಟದೆ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು. ಮೂರನೆಯ ದಿನ ಬೆಳಿಗ್ಗೆ ತಾರಸಿಯ ಅಂಚಿನಲ್ಲಿ ನಿಂತಿದ್ದವಳನ್ನು ಅವನು ಕೈಹಿಡಿದು ಕೆಳಗೆ ಕರೆತಂದ. ಆ ಮಧ್ಯಾಹ್ನವೇ ಎಲ್ಲರೆದುರು ಒಪ್ಪಿಕೊಂಡ. ಹ್ಯಾಂಡ್‌ಬ್ರೇಕಿನ ಕೇಬಲ್ಲು ಸವೆದಿತ್ತು, ಮೂರು ತಿಂಗಳಿಂದ ಗೊತ್ತಿತ್ತು, ನಾಳೆ ನೋಡೋಣ, ನಾಳಿದ್ದು ನೋಡೋಣ ಎಂದು ಬಿಟ್ಟೆ. ಚಕ್ರದ ಹಿಂದೆ ಇಟ್ಟಿಗೆ ಬಂದದ್ದೂ ಆ ದಿನವೇ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರು ನೆಂಟರು. ಶೆಡ್ಡಿನಲ್ಲಿ ಮೇಷ್ಟ್ರು ಎಂದು ಕರೆಯುವುದನ್ನು ನಿಲ್ಲಿಸಿದರು. ಹೆಂಡತಿ ಅವನ ಕಪಾಳಕ್ಕೆ ಹೊಡೆದಳು, ಎದೆ ಒಡೆಯುವಂತೆ ಅತ್ತಳು, ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಎರಡು ತುತ್ತು ತಿಂದಳು. ಆಮೇಲೆ ಅವನ ಜೊತೆ ಮಾತು ಬಿಟ್ಟಳು.

ಕಾರಿನಡಿಯಲ್ಲಿ ನಟ್ಟು ಬೆರಳಿಗೇ ಸಲೀಸಾಗಿ ತಿರುಗಿತು. ಅವನು ಅದನ್ನು ಸಡಿಲಿಸಿದ, ಮತ್ತೆ ಬಿಗಿದ. ಕಣ್ಣಿಗೆ ಮಣ್ಣು ಉದುರಿತು. ಒರೆಸಿಕೊಳ್ಳಲು ಹೋಗಲಿಲ್ಲ, ಅಡಿಯಲ್ಲಿದ್ದಾಗ ಕಣ್ಣು ಕೆಂಪಾದರೆ ಯಾರೂ ಕಾರಣ ಕೇಳುವುದಿಲ್ಲ. ಸುಮಾರು ಒಂದು ಗಂಟೆಯ ಮೇಲೆ ಕೈ ಹೊರಚಾಚಿ ಕೇಬಲ್ಲನ್ನು ನೆಲದ ಮೇಲಿಟ್ಟ. ತುಕ್ಕು ತಿಂದ ಎಳೆಗಳು, ನಡುವೆ ಹಳೆಯ ಪೊರಕೆಯ ಹಾಗೆ ಕೆದರಿ ತುಂಡಾಗಿದ್ದವು.

ಹೆಂಡತಿ ಕೆಳಗಿಳಿದು ಬಂದು ಅದನ್ನು ಎತ್ತಿಕೊಂಡಳು. ತುಂಡಾದ ಕಡೆ ಬೆರಳಾಡಿಸಿದಳು. ಚುಚ್ಚಿ ರಕ್ತ ಬಂದರೂ ಬಿಡಲಿಲ್ಲ.

ಅಣ್ಣ ಹೇಳಿದ ಹೊತ್ತಿಗೆ ಬಂದ. ತಂಗಿಯ ಗಂಡನ ಮುಖ ನೋಡದೆ ಕೀ ಇಸಿದುಕೊಂಡು, ಕಾರನ್ನು ಇಳಿಜಾರಿಗೆ ಬಿಟ್ಟು, ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದ. ಕಾರು ಕದಲಲಿಲ್ಲ.

“ಇಷ್ಟೇನಾ ಕೆಲಸ?” ಎಂದಳು ಹೆಂಡತಿ. “ಒಂದು ಗಂಟೆ?”

“ಹೌದು. ಒಂದೇ ಗಂಟೆ.”

ಅವಳು ಹೊಡೆಯುತ್ತಾಳೆ ಅಂದುಕೊಂಡ. ಹೊಡೆಯಲಿಲ್ಲ. ಕೇಬಲ್ಲನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಳ್ಳುತ್ತ ಕೇಳಿದಳು, “ಅವತ್ತು ನಾನು ಎಳೆದಿದ್ದೆ, ಅಲ್ವಾ?”

“ಎಳೆದಿದ್ದೆ. ಎಲ್ಲರೂ ನೋಡಿದಾರೆ, ಮೇಲೇ ಇತ್ತು.”

ಅವಳ ಭುಜಗಳು ಸ್ವಲ್ಪ ಇಳಿದವು. “ಹಾಗಿದ್ರೆ ನಿಮ್ಮನ್ನ ಸಾಯೋವರೆಗೂ ಕ್ಷಮಿಸಲ್ಲ,” ಎಂದಳು. ಸಿಟ್ಟಿನಿಂದಲ್ಲ, ನಿರ್ಧಾರ ಮಾಡಿಯಾದವರ ದನಿಯಲ್ಲಿ.

“ಬೇಡ,” ಎಂದ ಅವನು. “ಹೊತ್ತು ಹೊತ್ತಿಗೆ ಊಟ ಮಾಡು.”

ಪೇಪರಿನ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಾರಿನಲ್ಲಿ ಕೂತಳು, ಹಿಂತಿರುಗಿ ನೋಡಲಿಲ್ಲ. ಕಾರು ಬೀದಿಯ ತಿರುವು ದಾಟಿತು. ಅವನು ಮಗಳು ಹಾಕುತ್ತಿದ್ದ ಗೇಟನ್ನು ಹಾಕಿ ಬಂದು, ನೆಲದ ಮೇಲೆ ಕೂತು ಸಾಮಾನುಗಳನ್ನು ಒಂದೊಂದಾಗಿ ಒರೆಸಿದ. ಚೀಲದ ತಳದಲ್ಲಿ ಹೊಸ ಕೇಬಲ್ಲಿತ್ತು, ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ಕಿನಲ್ಲಿ, ಸೀಲು ಒಡೆಯದೆ. ಅದರ ಪಕ್ಕದಲ್ಲಿ ಶೆಡ್ಡಿನ ಗುಜರಿ ರಾಶಿಯಿಂದ ಹೆಕ್ಕಿ ತಂದಿದ್ದ ಕೇಬಲ್ಲಿನ ತುಕ್ಕಿನ ಪುಡಿ.

ಅವತ್ತು ಬಾಗಿಲಿಗೆ ಭುಜ ಕೊಟ್ಟು ಕಾರನ್ನು ಮಗಳ ಮೈಮೇಲಿಂದ ದೂಡಿದಾಗ ಹ್ಯಾಂಡ್‌ಬ್ರೇಕು ಕೆಳಗೇ ಇತ್ತು. ಅದನ್ನು ಎಳೆದವನು ಅವನು, ಎಳೆದ ಕೂಡಲೇ ಕಾರು ಅದೇ ಇಳಿಜಾರಿನಲ್ಲಿ ಕಲ್ಲಿನಂತೆ ನಿಂತಿತ್ತು.