ನಾಲ್ಕನೆಯ ಪೆಟ್ಟು

"ತಗೋ, ನೀ ಹೇಳಿದ್ದೆಲ್ಲಾ ಸುಳ್ಳಂತ!"

ಕಸ್ತೂರೆವ್ವ ಆಸ್ಪತ್ರೆಯ ಫೈಲನ್ನು ಹೊಲಿಗೆ ಯಂತ್ರದ ಮೇಲೆ ಒಗೆದು ಕುರ್ಚಿಯಲ್ಲಿ ಕುಳಿತಳು. ಮೊಣಕಾಲು ನೋವಿಗೆಂದು ಅಮರಗೋಳದಿಂದ ಬರುತ್ತಿದ್ದ ಈ ಮುದುಕಿಯನ್ನು ಹೊಲಿಗೆಯ ಜೊತೆಗೆ ಅಕ್ಯುಪಂಕ್ಚರನ್ನೂ ಮಾಡುತ್ತಿದ್ದ ಗುಲ್ನಾಜ ಹೋದ ವಾರ ಸೂಜಿ ಚುಚ್ಚದೆ ವಾಪಸ್ ಕಳಿಸಿದ್ದಳು. ನಾಡಿ ಪ್ರತಿ ನಾಲ್ಕನೆಯ ಪೆಟ್ಟಿಗೆ ತಪ್ಪುತ್ತಿದೆ, ಮೊದಲು ಹೃದಯ ತೋರಿಸಿಕೊಂಡು ಬನ್ನಿ ಎಂದು.

ಗುಲ್ನಾಜ ಇಸಿಜಿ ಕಾಗದ ಬಿಡಿಸಿದಳು. ಗೆರೆ ಯಂತ್ರದ ಹೊಲಿಗೆಯಷ್ಟು ಸಮನಾಗಿ ಓಡಿತ್ತು. ಇದಕ್ಕೂ ಮೊದಲು ಆಸ್ಪತ್ರೆಗೆ ಕಳಿಸಿದ್ದ ಅಮೀನಸಾಬರದೂ ಹೀಗೇ ಬಂದಿತ್ತು, ಪ್ರಭಾವತಿ ಟೀಚರದೂ. ಹದಿನೈದು ದಿನದಲ್ಲಿ ಮೂವರ ಕೈಯಲ್ಲೂ ಅದೇ ತಪ್ಪಿದ ಪೆಟ್ಟು, ಮೂವರ ಕಾಗದವೂ ಸ್ವಚ್ಛ. ಇನ್ನೊಮ್ಮೆ ಹೀಗಾದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಇಳಿಸಿ ಬರೀ ಬಟ್ಟೆ ಹೊಲಿಯುವುದೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು.

"ಇನ್ನೊಮ್ಮೆ ಕೈ ಕೊಡ್ರಿ, ಅವ್ವಾರ."

"ಮತ್ತೇನ್ ಹುಡುಕ್ತಿ? ನೀ ಹೆದರಸಿದ್ದಕ್ಕ ನನ್ನ ಸೊಸಿ, 'ಅತ್ತಿ, ಬಂಗಾರ ಎಲ್ಲಿಟ್ಟೀರಿ?' ಅಂತ ಕೇಳಾಕತ್ತಾಳ!"

ಗುಲ್ನಾಜಳಿಗೆ ನಗು ಬರಲಿಲ್ಲ. ಹೆಬ್ಬೆರಳನ್ನು ಆಕೆಯ ಮಣಿಕಟ್ಟಿಗೆ ಒತ್ತಿ ಕಣ್ಣು ಮುಚ್ಚಿದಳು. ಒಂದು, ಎರಡು, ಮೂರು. ಆಮೇಲೆ, ಮೆಟ್ಟಿಲು ಇಳಿಯುತ್ತಿದ್ದವರು ಯಾರೋ ಕಿವಿಗೊಟ್ಟು ನಿಂತ ಹಾಗೆ. ಒಂದು, ಎರಡು, ಮೂರು. ಮತ್ತೆ ನಿಂತರು. ಎದುರಿಗೆ ಕಸ್ತೂರೆವ್ವ ಆರಾಮಾಗಿ ಎಲೆ ಅಡಿಕೆ ಮೆಲ್ಲುತ್ತಿದ್ದಳು.

"ಈಗೂ ತಪ್ಪಾಕತ್ತೈತ್ರಿ. ಆ ಕಾಗದ ಸುಳ್ಳೋ, ನಾ ಸುಳ್ಳೋ, ತಿಳೀವಲ್ದು."

"ಡಾಕ್ಟರ್ ಒಂದು ಕೇಳ್ಯಾರ ನೋಡು. ಆಕಿ ಯಾವ ಬೆರಳಿಲೆ ನಾಡಿ ಹಿಡೀತಾಳ ಅಂತ."

"ಹೆಬ್ಬಟ್ಟಿಲೇರಿ. ಇವೆರಡಕ್ಕ ಮುಟ್ಟಿದ್ದು ಗೊತ್ತಾಗೂದಿಲ್ಲ." ಗುಲ್ನಾಜ ತೋರುಬೆರಳು, ನಡುಬೆರಳು ಮುಂದೆ ಹಿಡಿದಳು. ಮೂರು ವರ್ಷದ ಹಿಂದೆ ಇದೇ ಯಂತ್ರದ ಸೂಜಿ ಎರಡನ್ನೂ ತೂತು ಮಾಡಿತ್ತು. ನಾಡಿಗೆ ಹೆಬ್ಬೆರಳು ಬೇಡ ಎಂದು ಧಾರವಾಡದ ಸಂಜೆ ತರಗತಿಯಲ್ಲಿ ಗುರುಗಳು ಹೇಳಿದ್ದು ನೋಟಬುಕ್ಕಿನಲ್ಲಿತ್ತು. ಯಾಕೆ ಬೇಡ ಎಂಬುದಿರಲಿಲ್ಲ. ಅವತ್ತು ಹುಬ್ಬಳ್ಳಿ ಬಸ್ಸು ತಪ್ಪೀತೆಂದು ಪಾಠದ ನಡುವೆಯೇ ಎದ್ದು ಬಂದಿದ್ದಳು.

"ಹಂಗಾದ್ರ ಅವರಂದದ್ದು ಖರೇ," ಕಸ್ತೂರೆವ್ವ ಗಹಗಹಿಸಿ ನಕ್ಕಳು. "ಹೆಬ್ಬಟ್ಟಿನಾಗ ತನ್ನದ ಒಂದು ನಾಡಿ ಇರತೈತಂತ. ಯಾರ ಕೈ ಹಿಡಿದ್ರೂ ಅದ ಹೊಡ್ಕೊಳ್ಳತೈತಂತ. ನನ್ನ ನಾಡಿ ಛಲೋ ಐತಿ, ನೀ ಲಗೂ ಸೂಜಿ ಚುಚ್ಚು. ಬಸ್ಸಿಗೆ ಹೊತ್ತಾತು."

ಗುಲ್ನಾಜ ಸೂಜಿ ಎತ್ತಿಕೊಳ್ಳಲಿಲ್ಲ. ಮುದುಕಿಯ ಕೈ ಬಿಟ್ಟಳು. ಬೆಳಗಿನಿಂದ ಸುಮ್ಮನೆ ನಿಂತಿದ್ದ ಹೊಲಿಗೆ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಳು. ಕಬ್ಬಿಣ ತಣ್ಣಗಿತ್ತು.

ಒಂದು, ಎರಡು, ಮೂರು.

ಯಂತ್ರವೂ ನಾಲ್ಕನೆಯದನ್ನು ಬಿಟ್ಟಿತು.