ಖಾರದ ಪಾಠ

ಟೋಪಿ, ಮಾಸ್ಕ್ ಹಾಕಿಕೊಂಡ ಡಾಕ್ಟರ್ ಸುರ್ಯಾದಿ ಅವರು ಮರದ ಬುಡದಲ್ಲಿ ನಿಂತು ಬಾಳೆಹಣ್ಣು ಚಾಚಿದರು. ಮೇಲೆ ಕೊಂಬೆಯಲ್ಲಿ ಕುಳಿತ ಒರಾಂಗುಟಾನ್ ದುಕು ಹೊಟ್ಟೆ ಕೆರೆದುಕೊಂಡಳು. ಕಾಡಿಗೆ ಬಿಡುವ ಮುನ್ನ ಇದು ಅವಳ ಪರೀಕ್ಷೆ; ಇಳಿದು ಬಂದು ಅಪರಿಚಿತನ ಕೈಯಿಂದ ಹಣ್ಣು ತೆಗೆದುಕೊಂಡರೆ ಫೇಲ್. ಕಂಡವರ ಕೈಗೆ ಬರುವ ಪ್ರಾಣಿಯನ್ನು ಕಾಡಿಗೆ ಬಿಟ್ಟರೆ ಬೇಟೆಗಾರನ ಪಾಲು. ಹೋದ ಸಲ ಈ ಮಹಾರಾಯ್ತಿ ಹಣ್ಣು ತಿಂದು, ಡಾಕ್ಟರ ಜೇಬನ್ನೂ ತಡಕಿ, ಮತ್ತೆ ಪಂಜರ ಸೇರಿದ್ದಳು.

ಪೊದೆಯ ಹಿಂದೆ ರುಸ್ನಿ ಅಡಗಿ ಕುಳಿತಿದ್ದಳು. ತಾಯಿ ಸತ್ತ ಮರಿ ದುಕುವಿಗೆ ಹಾಲು ಕುಡಿಸಿ, ಬೆನ್ನ ಮೇಲೆ ಹೊತ್ತು, ತಾನೇ ಮರ ಹತ್ತಿ ತೋರಿಸಿ ಕಲಿಸಿದವಳು ಅವಳು.

"ಅಕ್ಕ, ಇವತ್ತೂ ಇಳಿದ್ರೆ?" ಎಂದ ಜೊತೆಗಾರ ಇತಾಂಗ್.

"ಬಾಯಿಗೆ ಬೆಂಕಿ ಬಿದ್ದಿದ್ದನ್ನ ಯಾರಾದ್ರೂ ಮರೀತಾರಾ? ಸುಮ್ನಿರು."

ಒಂದು ತಿಂಗಳಿಂದ ರುಸ್ನಿ ಗಂಡನ ಅಂಗಿ, ಟೋಪಿ, ಮಾಸ್ಕ್ ತೊಟ್ಟು ಅಪರಿಚಿತನ ವೇಷದಲ್ಲಿ ಬಂದು, ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿ ತುಂಬಿದ ಬಾಳೆಹಣ್ಣು ಕೊಟ್ಟು ಪಾಠ ಹೇಳಿದ್ದಳು. ಡಾಕ್ಟರಿಗೆ ಗೊತ್ತಾದರೆ ಪರೀಕ್ಷೆಯೇ ರದ್ದು.

ದುಕು ಹಣ್ಣು ನೋಡಿದಳು, ಟೋಪಿ ನೋಡಿದಳು. ತುಟಿ ಚಾಚಿ ಲೊಚಗುಟ್ಟಿ ಬೈದಳು. ಕೊಂಬೆ ಮುರಿದು ಎಸೆದಳು. ಅದೂ ಸಾಲದೆಂದು ಮೇಲಿನಿಂದಲೇ ಉಚ್ಚೆ ಹೊಯ್ದಳು.

"ಪಾಸ್!" ಡಾಕ್ಟರು ತೋಳು ಒರೆಸಿಕೊಳ್ಳುತ್ತ ಕುಣಿದರು. ರುಸ್ನಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಇನ್ನು ಈ ಹುಡುಗಿ ತನ್ನ ಬೆನ್ನೇರುವುದಿಲ್ಲ.

ಬೆಳಗ್ಗಿನಿಂದ ಏನೂ ತಿನ್ನದ ಡಾಕ್ಟರು ಮಾಸ್ಕ್ ಕಿತ್ತು, ಪೊದೆಯಿಂದ ಎದ್ದು ಬಂದ ರುಸ್ನಿಯ ಬುಟ್ಟಿಗೆ ಕೈಹಾಕಿ ಹಣ್ಣೊಂದನ್ನು ತೆಗೆದರು. ರುಸ್ನಿ ತಡೆಯಲು ಕೈ ಚಾಚಿದಳು. ನಿನ್ನೆಯ ಪಾಠದಲ್ಲಿ ಉಳಿದ ಹಣ್ಣು ಅದು!

"ಅದು ಬೇಡ ಡಾಕ್ಟ್ರೇ... ಬಾಡಿದೆ."

"ಹಸಿವಿಗೆ ರುಚಿ ಯಾಕಮ್ಮ?" ಎಂದವರೇ ಅರ್ಧ ಹಣ್ಣು ಬಾಯಿಗೆ ತುರುಕಿಕೊಂಡರು.

ಮುಖ ಕೆಂಪಾಯಿತು. ಕಣ್ಣು, ಮೂಗು ಒಟ್ಟಿಗೇ ಸುರಿದವು. ಉಳಿದರ್ಧ ತಿರುಗಿಸಿ ನೋಡಿದರೆ ಒಳಗೆ ಸಂಬಾಲ್. ಡಾಕ್ಟರು ತಮ್ಮ ಟೋಪಿ ಮುಟ್ಟಿಕೊಂಡರು, ಮರ ನೋಡಿದರು, ಆಮೇಲೆ ರುಸ್ನಿಯನ್ನು ನೋಡಿದರು.

"ತಪ್ಪಾಯ್ತು ಡಾಕ್ಟ್ರೇ. ನನ್ನ ಬೇಕಾದ್ರೆ ಕೆಲಸದಿಂದ ತೆಗೀರಿ. ಅವಳನ್ನ ಮಾತ್ರ ಮತ್ತೆ ಪಂಜರಕ್ಕೆ ಹಾಕ್ಬೇಡಿ."

"ಅವಳನ್ಯಾಕೆ ಹಾಕ್ಲಿ?" ಡಾಕ್ಟರು ನಾಲಿಗೆ ಹೊರಚಾಚಿ ಉಸ್ಸೆಂದರು. "ಮನುಷ್ಯರ ಕೈಯಿಂದ ಏನೂ ತಿನ್ನಬಾರ್ದು ಅಂತ ಅವಳಿಗೆ ಬುದ್ಧಿ ಬಂದಿದೆ. ಫೇಲಾಗಿದ್ದು ನಾನು. ಪಂಜರಕ್ಕೆ ನನ್ನನ್ನ ಹಾಕಿ. ಮೊದ್ಲು ನೀರು ಕೊಡಿ!"