ನೆರಿಗೆ ತೊಟ್ಟ ಕಟ್ಟಡ

"ಇದು ಲಂಗ ಅಲ್ಲಮ್ಮ, ಡೊಳ್ಳು ಹೊಟ್ಟೆ!" ಬಟ್ಟೆ ಅಂಗಡಿಯ ಯಜಮಾನರು ನಡುರಸ್ತೆಯಲ್ಲೇ ನಿಂತು ಕೂಗಿದರು.

ಈ ವರ್ಷ ಎಲ್ಲೆಲ್ಲೂ ನೆರಿಗೆ ಲಂಗದ ಹುಚ್ಚು. ತಮ್ಮ ನಾಲ್ಕಂತಸ್ತಿನ ಹೊಸ ಅಂಗಡಿಯೂ ನೆರಿಗೆ ತೊಟ್ಟು ನಿಲ್ಲಬೇಕೆಂದು ಅವರ ಆಸೆ. ಆರ್ಕಿಟೆಕ್ಟ್ ಹುಡುಗಿಗೆ ಸ್ವಂತವಾಗಿ ಸಿಕ್ಕ ಮೊದಲ ಕಟ್ಟಡ ಅದು. ತೆಳ್ಳನೆಯ ಸ್ಟೀಲು ತಂತಿಯನ್ನು ಬಟ್ಟೆಯಂತೆ ನೇಯಿಸಿ, ಮೇಲೆ ನೆರಿಗೆ ಹಿಡಿದು ಕಟ್ಟಡದ ಮುಂದೆ ಇಳಿಬಿಟ್ಟಿದ್ದಳು. ಕಂಪ್ಯೂಟರಿನ ಚಿತ್ರದಲ್ಲಿ ಅದು ಕುಣಿಯುತ್ತಿತ್ತು. ಇಲ್ಲಿ ಎರಡನೇ ಅಂತಸ್ತಿನ ಹತ್ತಿರ ಉಬ್ಬಿಕೊಂಡು, ಊಟ ಜಾಸ್ತಿಯಾದವರ ಹಾಗೆ ನಿಂತಿತ್ತು.

"ನಾಳಿದ್ದು ಸಂಜೆಯೊಳಗೆ ಸರಿಯಾಗ್ಲಿಲ್ಲ ಅಂದ್ರೆ ಕಿತ್ತು ಹಾಕಿಸ್ತೀನಿ. ಬೇರೆ ಆರ್ಕಿಟೆಕ್ಟನ್ನ ಕರೀತೀನಿ," ಎಂದವರೇ ಯಜಮಾನರು ಕಾರು ಹತ್ತಿದರು.

ಹುಡುಗಿ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಎರಡು ಸಮಾಧಾನದ ಮಾತು ಸಿಕ್ಕೀತು ಎಂಬ ಆಸೆ, ಅಷ್ಟೇ. ಮೂವತ್ತು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದ ಚಿಕ್ಕಮ್ಮ ಅರ್ಧ ಗಂಟೆಯಲ್ಲಿ ತಾನೇ ಬಂದುಬಿಟ್ಟಳು. ಬಂದವಳೇ ಸೀದಾ ಕಟ್ಟಡದ ಮುಂದೆ ಕಟ್ಟಿದ್ದ ಸಾರುವೆ ಹತ್ತತೊಡಗಿದಳು.

"ಚಿಕ್ಕಮ್ಮಾ, ನಿನ್ನ ಮಂಡಿನೋವು!"

"ನಾಳೆ ನೋಯೋಕೆ ಹೇಳಿದ್ದೀನಿ ಅದಕ್ಕೆ. ನೀನು ಬಾ."

ಜಾಲರಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹೀಗೊಮ್ಮೆ ಎಳೆದಳು, ಹಾಗೊಮ್ಮೆ ಎಳೆದಳು. ಆಮೇಲೆ ಕಂಬಿ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಪೆದ್ದಿ! ಅಡ್ಡ ಎಳೆನ ಉದ್ದಕ್ಕೆ ಬಿಟ್ಟಿದ್ದೀಯಲ್ಲೇ! ಹಿಗ್ಗೋ ಕಡೆ ಕೆಳಗೆ ಮಾಡಿ ನೇತುಹಾಕಿದ್ರೆ ಯಾವ ಲಂಗಕ್ಕಾದ್ರೂ ಹೊಟ್ಟೆ ಬರುತ್ತೆ."

"ಅದು ಬಟ್ಟೆ ಅಲ್ಲ ಚಿಕ್ಕಮ್ಮ, ಸ್ಟೀಲು."

"ನೇಯ್ದಿದ್ದು ತಾನೆ? ನೇಯ್ದ ಮೇಲೆ ಬಟ್ಟೆನೇ. ಬಿಚ್ಚಿಸು, ತಿರುಗಿಸು. ಕೆಳಗಡೆ ಅಂಚು ಮಡಚಿ ಭಾರಕ್ಕೊಂದು ಸರಳು ತೂರಿಸು."

ಎರಡು ದಿನ ಆ ಬೀದಿಗೆ ಬೇರೆ ಕೆಲಸವೇ ಇರಲಿಲ್ಲ. ಚಿಕ್ಕಮ್ಮ ಮೇಲಿನಿಂದ "ಸೊಂಟ ಬಿಗಿ ಮಾಡ್ರಪ್ಪೋ!" ಎಂದರೆ ವೆಲ್ಡರುಗಳು "ಆಯ್ತಕ್ಕೋ!" ಎನ್ನುವರು. "ಮುಂದೆ ಗಿಡ್ಡ ಆಯ್ತು, ಇಳಿಸಿ!" ಎಂದರೆ ಎದುರಿನ ಅಂಗಡಿಯವರೂ ಹೊರಗೆ ಬಂದು "ಇನ್ನೊಂಚೂರು, ಇನ್ನೊಂಚೂರು!" ಎಂದು ದನಿಗೂಡಿಸುವರು. ಹುಡುಗಿ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಳು. ಕೆಲಸ ಕೈತಪ್ಪುತ್ತದೆಂಬ ಭಯ ಯಾವಾಗ ಇಳಿದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಯಜಮಾನರು ಬಂದ ಸಂಜೆ ಗಾಳಿ ಎದ್ದಿತ್ತು. ನಲವತ್ತು ನೆರಿಗೆಗಳೂ ಒಟ್ಟಿಗೆ ಬಲಕ್ಕೆ ವಾಲಿದವು, ಒಟ್ಟಿಗೆ ಎಡಕ್ಕೆ ತೇಲಿದವು. ಜಣಜಣ ಎಂದು ಸಣ್ಣ ಸದ್ದು. ದಾರಿಹೋಕರು ನಿಂತರು. ಯಜಮಾನರ ಭಾರೀ ದೇಹವೂ ಅರಿವಿಲ್ಲದೆ ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ತೂಗಿತು. "ಭೇಷ್! ಭೇಷ್!"

ಅಷ್ಟರಲ್ಲಿ ಏನೋ ಹೊಳೆದು ಅವರ ಮುಖ ಸಪ್ಪಗಾಯಿತು.

"ಅಲ್ಲಮ್ಮ, ಮುಂದಿನ ವರ್ಷ ಈ ಫ್ಯಾಷನ್ ಹೋದ್ರೆ? ಬಿಗಿನೋ ದೊಗಳೆನೋ ಇನ್ನೇನೋ ಬಂದ್ರೆ ಏನ್ಮಾಡ್ಲಿ?"

ಕಟ್ಟಡ ನೂರು ವರ್ಷ ನಿಲ್ಲಬೇಕೆಂದು ಓದಿಕೊಂಡು ಬಂದಿದ್ದ ಹುಡುಗಿ ತಬ್ಬಿಬ್ಬಾಗಿ ಚಿಕ್ಕಮ್ಮನ ಮುಖ ನೋಡಿದಳು.

"ಗಾಬರಿ ಬೇಡಿ," ಎಂದಳು ಚಿಕ್ಕಮ್ಮ. "ಆಮೇಲೆ ಬಿಚ್ಚಿಕೊಳ್ಳೋಕೆ ಅಂತ ಒಳಗಡೆ ಒಂದು ಮೊಳ ಬಟ್ಟೆ ಬಿಟ್ಟೇ ಹೊಲಿಸಿದ್ದೀನಿ."